ಡ್ರೋನ್ ಚಿತ್ರಗಳಿಂದ ಸ್ಥಳಾಕೃತಿ ನಕ್ಷೆ: ಎತ್ತರವನ್ನು ಸರಿಯಾಗಿ ಹಿಡಿಯುವ ಕ್ರಮ

ಡ್ರೋನ್ ಹಾರಿಸಿ ಮುನ್ನೂರು ನಾನೂರು ಚಿತ್ರ ತೆಗೆದು ತಂತ್ರಾಂಶಕ್ಕೆ ಒಪ್ಪಿಸಿದರೆ ಬೆಳಗಾಗುವುದರೊಳಗೆ ಕಣ್ಣಿಗೆ ಹಬ್ಬವೆನಿಸುವ ನಕ್ಷೆಯೊಂದು ಸಿದ್ಧವಾಗಿರುತ್ತದೆ. ಬದು, ದಾರಿ, ಮರ, ಮನೆ ಎಲ್ಲವೂ ಇದ್ದಲ್ಲೇ ಇರುವಂತೆ ಕಾಣುತ್ತವೆ. ಆದರೆ ಅದರಲ್ಲಿರುವ ಎತ್ತರಗಳು ಅರ್ಧ ಮೀಟರ್ ತಪ್ಪಿದ್ದರೂ ಬರಿಗಣ್ಣಿನಿಂದ ನೋಡಿ ಅದನ್ನು ಪತ್ತೆ ಹಚ್ಚಲು ಯಾರಿಂದಲೂ ಆಗದು. ಸ್ಥಳಾಕೃತಿ ನಕ್ಷೆಯ ಕೆಲಸವೇ ಎತ್ತರವನ್ನು ಹೇಳುವುದು. ನೀರು ಯಾವ ಕಡೆ ಹರಿಯುತ್ತದೆ, ಎಷ್ಟು ಮಣ್ಣು ಕಡಿಯಬೇಕು, ಎಲ್ಲಿ ತುಂಬಬೇಕು, ಏರಿಯ ನೆತ್ತಿ ಎಷ್ಟಿರಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಬರುವುದು ಎತ್ತರದಿಂದಲೇ. ಆದ್ದರಿಂದ ಇಲ್ಲಿ ಡ್ರೋನ್ ನಡೆಸುವ ಕೌಶಲಕ್ಕಿಂತ ನೆಲದ ಮೇಲೆ ಮಾಡಬೇಕಾದ ಅಳತೆಗೂ ತಪಾಸಣೆಗೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ತತ್ವ ಸರಳವಾದದ್ದು. ನೆಲದ ಮೇಲಿನ ಒಂದೇ ಕಲ್ಲು ಬೇರೆ ಬೇರೆ ಜಾಗದಿಂದ ತೆಗೆದ ಹತ್ತು ಚಿತ್ರಗಳಲ್ಲಿ ಕಂಡರೆ, ಪ್ರತಿ ಚಿತ್ರದಿಂದಲೂ ಆ ಕಲ್ಲಿನೆಡೆಗೆ ಒಂದೊಂದು ದೃಷ್ಟಿರೇಖೆ ಎಳೆಯಬಹುದು. ಆ ರೇಖೆಗಳು ಸೇರುವ ಜಾಗವೇ ಕಲ್ಲಿನ ಸ್ಥಾನ. ಕ್ಯಾಮೆರಾ ಎಲ್ಲಿತ್ತು, ಯಾವ ಕಡೆ ವಾಲಿತ್ತು, ಲೆನ್ಸ್ ಚಿತ್ರವನ್ನು ಎಷ್ಟು ಬಾಗಿಸಿತು ಎಂಬುದು ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ, ತಂತ್ರಾಂಶವು ಲಕ್ಷಾಂತರ ಹೋಲಿಕೆಯ ಬಿಂದುಗಳನ್ನು ಹುಡುಕಿ ಇವೆಲ್ಲವನ್ನೂ ಒಂದೇ ಲೆಕ್ಕದಲ್ಲಿ ಒಟ್ಟಿಗೆ ಬಿಡಿಸುತ್ತದೆ. ಇದಕ್ಕೆ ಬಂಡಲ್ ಅಡ್ಜಸ್ಟ್‌ಮೆಂಟ್ ಎಂದು ಹೆಸರು. ಲೆಕ್ಕ ತನ್ನೊಳಗೆ ತಾನು ಹೊಂದಿಕೊಂಡರೆ ಸಾಕು, ತಂತ್ರಾಂಶಕ್ಕೆ ತೃಪ್ತಿ. ಒಳಗೆ ಹೊಂದಿಕೊಂಡ ಲೆಕ್ಕ ಹೊರಗಿನ ನೆಲಕ್ಕೂ ಹೊಂದಬೇಕೆಂಬ ನಿಯಮವೇನೂ ಇಲ್ಲ. ಅದನ್ನು ಹೊಂದಿಸುವ ಹೊಣೆ ಮೋಜಣಿ ಮಾಡುವವರದು.

ಮೊದಲು ರೇಖೆಗಳ ಅಂತರ, ಆಮೇಲೆ ಹಾರಾಟದ ಎತ್ತರ

ಹೊಸಬರು ಸಾಮಾನ್ಯವಾಗಿ ಹಾರಾಟದ ಎತ್ತರದಿಂದ ಯೋಜನೆ ಶುರು ಮಾಡುತ್ತಾರೆ. ಅದು ಹಿಂದುಮುಂದಾದ ಕ್ರಮ. ನಕ್ಷೆಯನ್ನು ಬಳಸುವವರಿಗೆ ಸಮೋನ್ನತ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ, ಎಲ್ಲರೂ ಕಾಂಟೂರ್ ಎನ್ನುವ ಗೆರೆಗಳು, ಎಷ್ಟು ಅಂತರದಲ್ಲಿ ಬೇಕು ಎಂಬುದನ್ನು ಮೊದಲು ಕೇಳಿ ತಿಳಿಯಬೇಕು. ಅಮೆರಿಕದಲ್ಲಿ 1947ರಲ್ಲಿ ಪರಿಷ್ಕೃತವಾದ ನಕ್ಷೆ ನಿಖರತೆಯ ಮಾನದಂಡದ ಪ್ರಕಾರ, ಪರೀಕ್ಷಿಸಿದ ಎತ್ತರಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚಿನವು ರೇಖಾಂತರದ (ಅಕ್ಕಪಕ್ಕದ ಎರಡು ರೇಖೆಗಳ ನಡುವಿನ ಎತ್ತರದ ಅಂತರದ) ಅರ್ಧಕ್ಕಿಂತ ಹೆಚ್ಚು ತಪ್ಪಿರಬಾರದು. ಇದನ್ನು ಲೆಕ್ಕಕ್ಕೆ ಇಳಿಸಿದರೆ, ರೇಖಾಂತರವು ಎತ್ತರದ ಆರ್‌ಎಂಎಸ್ ದೋಷದ (ಅಂದರೆ ತಪ್ಪುಗಳ ಒಂದು ಬಗೆಯ ಸರಾಸರಿಯ; ಲೆಕ್ಕ ಮುಂದೆ ಬರುತ್ತದೆ) ಸುಮಾರು 3.3 ಪಟ್ಟಾದರೂ ಇರಬೇಕೆಂದಾಗುತ್ತದೆ. 1 ಮೀಟರ್ ಅಂತರದ ರೇಖೆಗಳಿಗೆ 30 ಸೆಂಟಿಮೀಟರ್ ದೋಷ ನಡೆಯುತ್ತದೆ. 50 ಸೆಂಟಿಮೀಟರ್ ರೇಖೆಗಳಿಗೆ 15. 25 ಸೆಂಟಿಮೀಟರ್ ರೇಖೆಗಳಿಗೆ ಕೇವಲ ಏಳೂವರೆ. ತಂತ್ರಾಂಶದಲ್ಲಿ ಅಂತರವನ್ನು 10 ಸೆಂಟಿಮೀಟರ್ ಎಂದು ಟೈಪ್ ಮಾಡಿದರೆ ಅದು ಮರುಮಾತಿಲ್ಲದೆ ಗೆರೆ ಎಳೆದು ಕೊಡುತ್ತದೆ, ಆದರೆ ಆ ಗೆರೆಗಳಲ್ಲಿ ಅರ್ಧದಷ್ಟು ನೆಲದ್ದಲ್ಲ, ದೋಷದ್ದು.

ಅಂತರ ನಿಶ್ಚಯವಾದ ಮೇಲೆ ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ಅಗಲವನ್ನು ಹಿಡಿಯಬೇಕು ಎಂಬುದು ಬರುತ್ತದೆ. ಇದನ್ನು ಜಿಎಸ್‌ಡಿ ಎನ್ನುತ್ತಾರೆ. ನೆಲದ ನಿಯಂತ್ರಣ ಬಿಂದುಗಳನ್ನು, ಅಂದರೆ ಸ್ಥಾನ ಮತ್ತು ಎತ್ತರವನ್ನು ನೆಲದ ಮೇಲೆಯೇ ಅಳೆದಿಟ್ಟ ಗುರುತುಗಳನ್ನು, ಚೆನ್ನಾಗಿ ಹಾಕಿ ಮಾಡಿದ ಕೆಲಸದಲ್ಲಿ ಅಡ್ಡಡ್ಡ ನಿಖರತೆ ಸುಮಾರು ಒಂದರಿಂದ ಎರಡು ಪಿಕ್ಸೆಲ್‌ನಷ್ಟೂ ಎತ್ತರದ ನಿಖರತೆ ಎರಡರಿಂದ ಮೂರು ಪಿಕ್ಸೆಲ್‌ನಷ್ಟೂ ಬರುತ್ತದೆಂದು ಇಟ್ಟುಕೊಂಡರೆ ಯೋಜನೆಗೆ ಸಾಕು. ಸೂತ್ರವೂ ಸುಲಭ: ಸೆನ್ಸರ್‌ನ ಅಗಲವನ್ನು ಹಾರಾಟದ ಎತ್ತರದಿಂದ ಗುಣಿಸಿ, ಬಂದದ್ದನ್ನು ಲೆನ್ಸ್‌ನ ಫೋಕಲ್ ಲೆಂತ್ ಮತ್ತು ಚಿತ್ರದ ಅಗಲದ ಪಿಕ್ಸೆಲ್ ಸಂಖ್ಯೆ ಇವುಗಳ ಗುಣಲಬ್ಧದಿಂದ ಭಾಗಿಸಬೇಕು. 13.2 ಮಿಲಿಮೀಟರ್ ಅಗಲದ ಸೆನ್ಸರ್, 8.8 ಮಿಲಿಮೀಟರ್ ಲೆನ್ಸ್, 5472 ಪಿಕ್ಸೆಲ್ ಅಗಲದ ಚಿತ್ರ ಇರುವ ಕ್ಯಾಮೆರಾವನ್ನು 100 ಮೀಟರ್ ಎತ್ತರದಲ್ಲಿ ಹಾರಿಸಿದರೆ ಒಂದು ಪಿಕ್ಸೆಲ್ 2.74 ಸೆಂಟಿಮೀಟರ್ ನೆಲವನ್ನು ಹಿಡಿಯುತ್ತದೆ, ಒಂದು ಚಿತ್ರ 150 ಮೀಟರ್ ಅಗಲ ಮತ್ತು 100 ಮೀಟರ್ ಉದ್ದದ ಜಾಗವನ್ನು ತುಂಬಿಕೊಳ್ಳುತ್ತದೆ. ಮೂರು ಪಿಕ್ಸೆಲ್ ಎಂದರೆ 8 ಸೆಂಟಿಮೀಟರ್ ಚಿಲ್ಲರೆ. ಅಂದಮೇಲೆ ಈ ಎತ್ತರದಿಂದ 50 ಸೆಂಟಿಮೀಟರ್ ರೇಖೆಗಳನ್ನು ನಿಶ್ಚಿಂತೆಯಿಂದ ಕೊಡಬಹುದು, 25 ಸೆಂಟಿಮೀಟರ್ ಬೇಕೆಂದರೆ ಇನ್ನಷ್ಟು ಕೆಳಗೆ ಇಳಿಯಬೇಕು. ಅನೇಕ ದೇಶಗಳಲ್ಲಿ ವಿಶೇಷ ಅನುಮತಿಯಿಲ್ಲದೆ ನೆಲದಿಂದ 120 ಮೀಟರ್‌ಗಿಂತ ಮೇಲೆ ಹಾರುವಂತಿಲ್ಲವಾದ್ದರಿಂದ ಮೇಲಿನ ಮಿತಿ ಹೇಗೂ ಅಲ್ಲಿಗೇ ನಿಲ್ಲುತ್ತದೆ.

ಓವರ್‌ಲ್ಯಾಪ್ ಮತ್ತು ಏರುತಗ್ಗಿನ ನೆಲ

ಹಾರುವ ದಿಕ್ಕಿನಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ಶೇಕಡಾ 80, ಪಕ್ಕದ ಸಾಲುಗಳ ನಡುವೆ ಶೇಕಡಾ 70 ಓವರ್‌ಲ್ಯಾಪ್, ಅಂದರೆ ಎರಡೂ ಚಿತ್ರಗಳಲ್ಲಿ ಬರುವ ಸಮಾನ ಭಾಗ, ಇಡುವುದು ಒಳ್ಳೆಯ ಆರಂಭ. ಮೇಲಿನ ಉದಾಹರಣೆಯಲ್ಲಿ ಹೀಗೆಂದರೆ 20 ಮೀಟರ್‌ಗೆ ಒಂದು ಚಿತ್ರ, 45 ಮೀಟರ್‌ಗೆ ಒಂದು ಸಾಲು. 500 ಮೀಟರ್ ಉದ್ದ, 400 ಮೀಟರ್ ಅಗಲದ, ಅಂದರೆ 20 ಹೆಕ್ಟೇರ್‌ನ ಜಾಗಕ್ಕೆ 10 ಸಾಲುಗಳು ಬೇಕು. ಗಡಿಯಾಚೆಗೆ ಎರಡೂ ಕಡೆ ಒಂದೊಂದು ಸಾಲು ಸೇರಿಸಿದರೆ 12. ಸಾಲಿನ ತುದಿಗಳಲ್ಲಿ ಎರಡೆರಡು ಚಿತ್ರ ಹೆಚ್ಚಿಗೆ ಹಿಡಿದರೆ ಒಟ್ಟು 360 ಚಿತ್ರಗಳಾಗುತ್ತವೆ. ಗಡಿಯಾಚೆಯ ಈ ಹೆಚ್ಚಿನ ಸಾಲುಗಳನ್ನು ಬ್ಯಾಟರಿ ಉಳಿಸಲೆಂದು ಬಿಡಬಾರದು. ಅಂಚಿನಲ್ಲಿರುವ ನೆಲ ಎರಡು ಮೂರು ಚಿತ್ರಗಳಲ್ಲಷ್ಟೇ ಬಂದಿರುತ್ತದೆ, ಅಲ್ಲಿಯ ಎತ್ತರವೇ ಮೊದಲು ಕೆಡುತ್ತದೆ.

ನೆಲ ಸಮತಟ್ಟಾಗಿದ್ದರೆ ಈ ಲೆಕ್ಕ ಹಾಗೆಯೇ ನಡೆಯುತ್ತದೆ. ಗುಡ್ಡವಿದ್ದರೆ ನಡೆಯದು. ಡ್ರೋನ್ ಹೇಳುವ ಎತ್ತರವು ಅದು ಮೇಲೆದ್ದ ಜಾಗದಿಂದ ಅಳೆದದ್ದು, ಆ ಕ್ಷಣದಲ್ಲಿ ಅದರ ಕೆಳಗಿರುವ ನೆಲದಿಂದ ಅಳೆದದ್ದಲ್ಲ. ತಗ್ಗಿನಿಂದ ಹಾರಿ 100 ಮೀಟರ್‌ನಲ್ಲಿ ಸಾಗುವಾಗ ಎದುರಿಗೆ 40 ಮೀಟರ್ ಎತ್ತರದ ದಿಬ್ಬ ಬಂದರೆ, ದಿಬ್ಬದ ನೆತ್ತಿಗೂ ಕ್ಯಾಮೆರಾಕ್ಕೂ ಉಳಿಯುವುದು 60 ಮೀಟರ್. ಚಿತ್ರ ಹಿಡಿಯುವ ಜಾಗ 90ಕ್ಕೆ 60 ಮೀಟರ್‌ಗೆ ಕುಗ್ಗುತ್ತದೆ. ಚಿತ್ರಗಳ ನಡುವಿನ ದೂರ ಮಾತ್ರ ಮೊದಲಿನಂತೆ 20 ಮತ್ತು 45 ಮೀಟರ್‌ಗಳೇ ಆಗಿರುವುದರಿಂದ ಮುಂದಿನ ಓವರ್‌ಲ್ಯಾಪ್ ಶೇಕಡಾ 67ಕ್ಕೂ ಪಕ್ಕದ್ದು 50ಕ್ಕೂ ಬೀಳುತ್ತದೆ. ಅಲ್ಲಿ ಪೊದೆಯೋ ಹುಲ್ಲೋ ಇದ್ದರಂತೂ ತಂತ್ರಾಂಶಕ್ಕೆ ಹೋಲಿಕೆ ಸಿಗದೆ ದಿಬ್ಬದ ನೆತ್ತಿಯಲ್ಲೇ ತೂತು ಬೀಳುತ್ತದೆ. ಇದಕ್ಕೆ ಪರಿಹಾರ, ಆ ಪ್ರದೇಶದ ಒರಟು ಎತ್ತರದ ಮಾದರಿಯೊಂದನ್ನು ಹಾರಾಟದ ಆ್ಯಪ್‌ಗೆ ಕೊಟ್ಟು, ನೆಲ ಏರಿದಂತೆ ಡ್ರೋನ್ ಕೂಡ ಏರುವಂತೆ ಯೋಜಿಸುವುದು. ಆ ಸೌಲಭ್ಯ ಇಲ್ಲದಿದ್ದರೆ ಎತ್ತರದ ಜಾಗದಿಂದ ಹಾರಿಸಿ, ಜಾಗವನ್ನು ತುಂಡುಗಳಾಗಿ ಹಂಚಿಕೊಂಡು ಪ್ರತಿ ತುಂಡಿಗೂ ಬೇರೆ ಎತ್ತರ ಕೊಡಬೇಕು.

ಎಲ್ಲ ಚಿತ್ರಗಳನ್ನೂ ನೇರ ಕೆಳಮುಖವಾಗಿ, ಒಂದೇ ಎತ್ತರದಿಂದ, ಸಮಾನಾಂತರ ಸಾಲುಗಳಲ್ಲಿ ತೆಗೆದರೆ ಇನ್ನೊಂದು ಅಪಾಯವಿದೆ. ಲೆನ್ಸ್‌ನ ಬಾಗುವಿಕೆಯನ್ನು ತಂತ್ರಾಂಶ ಸ್ವಲ್ಪ ತಪ್ಪಾಗಿ ಅಂದಾಜಿಸಿದರೂ ಆ ತಪ್ಪನ್ನು ನೆಲದ ಆಕಾರದೊಳಗೆ ಅಡಗಿಸಿಬಿಡುತ್ತದೆ: ಚಪ್ಪಟೆ ಮೈದಾನ ನಡುವೆ ಉಬ್ಬಿ ಗುಮ್ಮಟದಂತೆಯೋ ನಡುವೆ ಕುಸಿದು ಬಾಣಲೆಯಂತೆಯೋ ಆಗುತ್ತದೆ. ಮೈಕ್ ಜೇಮ್ಸ್ ಮತ್ತು ಸ್ಟುವರ್ಟ್ ರಾಬ್ಸನ್ 2014ರಲ್ಲಿ ಪ್ರಕಟಿಸಿದ ಅಧ್ಯಯನವು ಈ ದೋಷದ ಮೂಲವನ್ನು ಸ್ಪಷ್ಟಪಡಿಸಿ, ಒಂದಷ್ಟು ಓರೆ ಚಿತ್ರಗಳನ್ನು ಸೇರಿಸಿದರೆ ಅದು ಬಹುಪಾಲು ತಗ್ಗುತ್ತದೆ ಎಂದು ತೋರಿಸಿತು. ಕ್ಯಾಮೆರಾವನ್ನು 20ರಿಂದ 30 ಡಿಗ್ರಿ ಓರೆ ಮಾಡಿ, ಮೊದಲ ಸಾಲುಗಳಿಗೆ ಅಡ್ಡಲಾಗಿ ಮೂರು ನಾಲ್ಕು ಸಾಲು ಹಾರಿಸಲು ಹತ್ತು ನಿಮಿಷವೂ ಹಿಡಿಯುವುದಿಲ್ಲ. ಬ್ಯಾಟರಿ ಕಡಿಮೆ ಇದ್ದ ದಿನ ಓವರ್‌ಲ್ಯಾಪ್‌ನಲ್ಲಿ ಐದು ಪ್ರತಿಶತ ಬಿಟ್ಟೇನು, ಈ ಓರೆ ಸಾಲುಗಳನ್ನು ಬಿಡಲಾರೆ.

ಕ್ಯಾಮೆರಾ

ಕ್ಯಾಮೆರಾವನ್ನು ಅದರ ಪಾಡಿಗೆ ಬಿಡಬಾರದು. ಫೋಕಸ್ ಅನ್ನು ಮೊದಲ ಹಾರಾಟದಲ್ಲೇ ನೆಲಕ್ಕೆ ಹೊಂದಿಸಿ ಅಲ್ಲೇ ಸ್ಥಿರಗೊಳಿಸಬೇಕು; ಹಾರಾಟದ ನಡುವೆ ಫೋಕಸ್ ಬದಲಾದರೆ ಲೆನ್ಸ್‌ನ ಅಳತೆಯೇ ಬದಲಾದಂತೆ. ಬಿಳಿ ಸಮತೋಲವೂ ಸ್ಥಿರವಾಗಿರಲಿ, ಬೆಳಕಿನ ಸಂವೇದನೆಯ ಅಂಕಿಯಾದ ಐಎಸ್‌ಒ 100ರಿಂದ 200ರೊಳಗಿರಲಿ, ಕ್ಯಾಮೆರಾ ತಾನೇ ಚಿತ್ರದ ಬಾಗುವಿಕೆ ತಿದ್ದುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಬೇಕು, ಏಕೆಂದರೆ ತಿದ್ದಿದ ಚಿತ್ರದಲ್ಲಿ ಲೆನ್ಸ್‌ನ ನಿಜವಾದ ಗುಣ ಉಳಿದಿರುವುದಿಲ್ಲ. ಶಟರ್ ವೇಗದ ಲೆಕ್ಕ ಹೀಗೆ: ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಸಾಗುವ ಡ್ರೋನ್, ಸೆಕೆಂಡಿನ 1/1000 ಭಾಗ ಶಟರ್ ತೆರೆದಿದ್ದರೆ 8 ಮಿಲಿಮೀಟರ್ ಸರಿಯುತ್ತದೆ, ಇದು ಪಿಕ್ಸೆಲ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅದೇ 1/250 ಭಾಗ ತೆರೆದಿದ್ದರೆ 32 ಮಿಲಿಮೀಟರ್ ಸರಿದು ಇಡೀ ಒಂದು ಪಿಕ್ಸೆಲ್ ಕಲಸಿಹೋಗುತ್ತದೆ. ಸಾಧ್ಯವಾದರೆ ಯಾಂತ್ರಿಕ ಶಟರ್ ಇರುವ ಕ್ಯಾಮೆರಾವನ್ನೇ ಆರಿಸಿಕೊಳ್ಳಬೇಕು. ಚಿತ್ರವನ್ನು ಸಾಲುಸಾಲಾಗಿ ಓದುವ ರೋಲಿಂಗ್ ಶಟರ್‌ನಲ್ಲಿ ಚಿತ್ರದ ಮೇಲ್ಭಾಗ ತೆಗೆದ ಕ್ಷಣಕ್ಕೂ ಕೆಳಭಾಗ ತೆಗೆದ ಕ್ಷಣಕ್ಕೂ ನಡುವೆ ಡ್ರೋನ್ ಮುಂದೆ ಹೋಗಿರುತ್ತದೆ. ತಂತ್ರಾಂಶ ಇದನ್ನು ಸರಿಪಡಿಸಬಲ್ಲದಾದರೂ ಪೂರ್ತಿಯಾಗಿ ಅಲ್ಲ.

ನೆಲದ ಮೇಲಿನ ಬಿಂದುಗಳು

ಸಾಮಾನ್ಯ ಡ್ರೋನ್‌ನ ಜಿಪಿಎಸ್ ತನ್ನ ಸ್ಥಾನವನ್ನು ಕೆಲವು ಮೀಟರ್‌ಗಳಷ್ಟು ಹೆಚ್ಚುಕಡಿಮೆಯಾಗಿ ಹೇಳುತ್ತದೆ. ಆರ್‌ಟಿಕೆ ಎಂಬ ತಿದ್ದುಪಡಿ ವ್ಯವಸ್ಥೆ ಇರುವ ಡ್ರೋನ್, ಸ್ಥಾನ ಗೊತ್ತಿರುವ ಜಾಗದಲ್ಲಿ ನಿಲ್ಲಿಸಿದ ಬೇಸ್ ಕೇಂದ್ರದ ನೆರವಿನಿಂದ, ಹಾರುತ್ತಲೇ ಅದನ್ನು ಕೆಲವು ಸೆಂಟಿಮೀಟರ್‌ಗಳಿಗೆ ತರುತ್ತದೆ. ಪಿಪಿಕೆ ವಿಧಾನದಲ್ಲಿ ಇದೇ ಲೆಕ್ಕವನ್ನು ಹಾರಾಟದ ನಂತರ ಕುಳಿತು ಮಾಡುವುದರಿಂದ ನಡುವೆ ರೇಡಿಯೊ ಸಂಪರ್ಕ ಕಡಿದುಹೋದರೂ ಚಿಂತೆಯಿಲ್ಲ. ಆರ್‌ಟಿಕೆ ಇದ್ದಮೇಲೆ ನೆಲದ ಬಿಂದುಗಳೇ ಬೇಡ ಎಂಬ ಮಾತು ಮಾರಾಟದ ಕರಪತ್ರಗಳಲ್ಲಿ ಆಗಾಗ ಕಾಣುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಕ್ಯಾಮೆರಾದ ಸ್ಥಾನ ಎಷ್ಟೇ ಸರಿಯಾಗಿದ್ದರೂ ಫೋಕಲ್ ಲೆಂತ್‌ನ ಅಂದಾಜು ಸಾವಿರದಲ್ಲಿ ಒಂದು ಪಾಲು ತಪ್ಪಿದರೆ 100 ಮೀಟರ್ ಎತ್ತರದ ಹಾರಾಟದಲ್ಲಿ ಇಡೀ ನೆಲ 10 ಸೆಂಟಿಮೀಟರ್ ಮೇಲಕ್ಕೋ ಕೆಳಕ್ಕೋ ಜರುಗುತ್ತದೆ. ನಮ್ಮ 8.8 ಮಿಲಿಮೀಟರ್ ಲೆನ್ಸ್‌ನಲ್ಲಿ ಸಾವಿರದ ಒಂದು ಪಾಲೆಂದರೆ ಮಿಲಿಮೀಟರ್‌ನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಬಿಸಿಲಿನ ಕಾವಿಗೆ ಲೆನ್ಸ್ ಅಷ್ಟು ಬದಲಾದರೆ ಆಶ್ಚರ್ಯವಿಲ್ಲ. ನೆಲದ ಮೇಲೆ ಎರಡು ಮೂರು ಬಿಂದುಗಳಿದ್ದರೂ ಈ ಜರುಗು ಅಲ್ಲಿಗೇ ನಿಲ್ಲುತ್ತದೆ.

ಆರ್‌ಟಿಕೆ ಇಲ್ಲದ ಡ್ರೋನ್ ಆದರೆ 20 ಹೆಕ್ಟೇರ್‌ಗೆ ಎಂಟರಿಂದ ಹತ್ತು ನಿಯಂತ್ರಣ ಬಿಂದುಗಳನ್ನು ಹಾಕುವುದು ಒಳ್ಳೆಯದು. ಸಂಖ್ಯೆಗಿಂತ ಹಂಚಿಕೆ ಮುಖ್ಯ: ನಾಲ್ಕು ಮೂಲೆ, ಉದ್ದನೆಯ ಅಂಚುಗಳ ನಡು, ಜಾಗದ ಮಧ್ಯಭಾಗ, ಅತಿ ಎತ್ತರದ ತಾಣ, ಅತಿ ತಗ್ಗಿನ ತಾಣ. ಓಡಾಡಲು ಸುಲಭವೆಂದು ಎಲ್ಲವನ್ನೂ ದಾರಿಯ ಉದ್ದಕ್ಕೆ ಹಾಕಿದರೆ ಆ ದಾರಿಯನ್ನೇ ಅಚ್ಚಾಗಿ ಮಾಡಿಕೊಂಡು ಇಡೀ ನಕ್ಷೆ ಅತ್ತಿತ್ತ ವಾಲಬಹುದು. ಗುರುತಿನ ಹಲಗೆ ಕಪ್ಪು ಬಿಳುಪಿನ ಚೌಕಳಿಯಾಗಿರಲಿ, ಅದರ ನಡುಬಿಂದು ಸ್ಪಷ್ಟವಾಗಿರಲಿ. 60 ಸೆಂಟಿಮೀಟರ್ ಚೌಕದ ಹಲಗೆ ನಮ್ಮ ಉದಾಹರಣೆಯ ಚಿತ್ರದಲ್ಲಿ ಸುಮಾರು 22 ಪಿಕ್ಸೆಲ್ ಅಗಲ ಕಾಣುತ್ತದೆ, ಅಷ್ಟು ಬೇಕಾದಷ್ಟಾಯಿತು. ಹೊಳೆಯುವ ಬಟ್ಟೆಯಾದರೆ ಬಿಸಿಲಿಗೆ ಬಿಳಿ ಭಾಗ ಹರಡಿಕೊಂಡು ನಡುಬಿಂದು ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಹುಲ್ಲಿನ ಮೇಲೆ ಹಾಸಿದ ಬಟ್ಟೆ ಗಾಳಿಗೆ ಏಳುತ್ತದೆ. ಹುಲ್ಲು ಸವರಿ, ನಾಲ್ಕು ಮೂಲೆಗೂ ಮೊಳೆ ಹೊಡೆದು, ನೆಲಕ್ಕೆ ಅಂಟುವಂತೆ ಕೂರಿಸಬೇಕು.

ಬಿಂದುವನ್ನು ಅಳೆಯುವ ಕೆಲಸದಲ್ಲಿ ಅವಸರ ಕೂಡದು. ಉಪಗ್ರಹದ ಸಂಕೇತ ಹಿಡಿಯುವ ರಿಸೀವರ್ ಕೂರಿಸಿದ ಕೋಲಿನ ರಸಮಟ್ಟವನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು; 2 ಮೀಟರ್ ಕೋಲು ಒಂದೇ ಡಿಗ್ರಿ ವಾಲಿದರೂ ಸ್ಥಾನ 3.5 ಸೆಂಟಿಮೀಟರ್ ತಪ್ಪುತ್ತದೆ. ಕೈಯಲ್ಲಿ ಹಿಡಿಯುವುದಕ್ಕಿಂತ ಎರಡು ಕಾಲಿನ ಊರೆ ಕೊಟ್ಟು ನಿಲ್ಲಿಸುವುದು ಲೇಸು. ಪರದೆಯ ಮೇಲೆ ಫಿಕ್ಸ್ (ಸ್ಥಾನದ ಲೆಕ್ಕ ನಿಶ್ಚಯವಾಯಿತು) ಎಂದು ಬಂದ ಮೇಲೆಯೇ ಅಳತೆ ತೆಗೆಯಬೇಕು. ಫ್ಲೋಟ್ ಎಂದಿರುವಾಗ ತೆಗೆದ ಅಂಕಿ ನೋಡಲು ಅಷ್ಟೇ ಅಚ್ಚುಕಟ್ಟಾಗಿದ್ದರೂ ಹಲವು ಡೆಸಿಮೀಟರ್ ತಪ್ಪಿರಬಹುದು. ಪ್ರತಿ ಬಿಂದುವನ್ನೂ ಒಂದೆರಡು ಗಂಟೆ ಬಿಟ್ಟು, ಉಪಗ್ರಹಗಳ ಸ್ಥಾನ ಬದಲಾದ ಮೇಲೆ, ಇನ್ನೊಮ್ಮೆ ಅಳೆದು ಎರಡೂ ಅಂಕಿಗಳನ್ನು ಹೋಲಿಸಬೇಕು. ಉಪಗ್ರಹದ ಅಳತೆಯಲ್ಲಿ ಎತ್ತರದ ದೋಷ ಅಡ್ಡಡ್ಡ ದೋಷಕ್ಕಿಂತ ಯಾವಾಗಲೂ ದೊಡ್ಡದು, ಸುಮಾರು ಒಂದೂವರೆಯಿಂದ ಎರಡು ಪಟ್ಟು. ಹಾಗಾಗಿ ಎರಡು ಅಳತೆಗಳ ಎತ್ತರದಲ್ಲಿ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಸುಮ್ಮನಿರಬಹುದು, 5 ಬಂದರೆ ಮೂರನೆಯ ಸಲ ಅಳೆಯಬೇಕು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೋಲನ್ನು 2 ಮೀಟರ್‌ಗೆ ಎಳೆದು ಬಿಗಿಮಾಡಿ, ಉಪಕರಣದಲ್ಲಿ ಮಾತ್ರ ಹಿಂದಿನ ಕೆಲಸದ 1.8 ಮೀಟರ್ ಎಂಬ ಅಂಕಿಯನ್ನು ಬದಲಿಸದೆ ಇಡೀ ದಿನ ಅಳತೆ ಮಾಡಿದ್ದೆ. ಪ್ರತಿ ಬಿಂದುವೂ ನಿಜವಾದ ನೆಲಕ್ಕಿಂತ 20 ಸೆಂಟಿಮೀಟರ್ ಮೇಲೆ ದಾಖಲಾಯಿತು. ಸಂಜೆ ತಪಾಸಣೆಗೆಂದು ಬೇರೆಯಾಗಿ ಅಳೆದ ಬಿಂದುಗಳನ್ನು ಹೋಲಿಸಿದರೆ ಎಲ್ಲವೂ 4 ಸೆಂಟಿಮೀಟರ್‌ನೊಳಗೆ ಹೊಂದಿದವು, ನನಗೋ ಖುಷಿ. ಹೊಂದದೆ ಏನು, ಅವನ್ನೂ ಅದೇ ಕೋಲಿನಿಂದ, ಅದೇ ತಪ್ಪಿನಿಂದ ಅಳೆದಿದ್ದೆ! ಜಾಗದ ಅಂಚಿನ ಮೋರಿಯ ಗೋಡೆಯ ಮೇಲೆ ಹಿಂದೆ ಯಾರೋ ಲೆವೆಲ್ ಉಪಕರಣದಿಂದ ಮಟ್ಟ ನೋಡಿ ಕೊರೆದಿದ್ದ ಬೆಂಚ್‌ಮಾರ್ಕ್ ಒಂದು ಇಲ್ಲದೆ ಹೋಗಿದ್ದರೆ ಆ ನಕ್ಷೆ ಹಾಗೆಯೇ ಹೊರಗೆ ಹೋಗುತ್ತಿತ್ತು. ಅಂದಿನಿಂದ ದಿನದ ಕೆಲಸವನ್ನು ಎತ್ತರ ಗೊತ್ತಿರುವ ಒಂದು ಹಳೆಯ ಬಿಂದುವಿನ ಮೇಲೆ ಕೋಲಿಟ್ಟು ಶುರುಮಾಡುತ್ತೇನೆ, ಅದರ ಮೇಲೆಯೇ ಕೋಲಿಟ್ಟು ಮುಗಿಸುತ್ತೇನೆ.

ಯಾವ ಎತ್ತರ, ಯಾವ ನಿರ್ದೇಶಾಂಕ

ಉಪಗ್ರಹ ಹೇಳುವ ಎತ್ತರವು ಎಲಿಪ್ಸಾಯ್ಡ್ ಎಂಬ ಗಣಿತದ ನುಣುಪು ಮೇಲ್ಮೈಯಿಂದ ಅಳೆದದ್ದು. ನಕ್ಷೆಗೆ ಬೇಕಾದದ್ದು ಸಮುದ್ರಮಟ್ಟಕ್ಕೆ ಹತ್ತಿರವಾದ ಜಿಯಾಯ್ಡ್ ಎಂಬ ಮೇಲ್ಮೈಯಿಂದ ಅಳೆದ ಎತ್ತರ. ಇವೆರಡರ ಅಂತರ ಜಗತ್ತಿನಾದ್ಯಂತ ಒಂದೇ ಇಲ್ಲ: ಹಿಂದೂ ಮಹಾಸಾಗರದಲ್ಲಿ ಜಿಯಾಯ್ಡ್ ಸುಮಾರು 106 ಮೀಟರ್ ಕೆಳಗಿದ್ದರೆ ನ್ಯೂಗಿನಿಯ ಬಳಿ ಸುಮಾರು 85 ಮೀಟರ್ ಮೇಲಿದೆ. ಇಜಿಎಂ2008ನಂಥ ಮಾದರಿಯನ್ನೋ ಆಯಾ ದೇಶದ ಅಧಿಕೃತ ಮಾದರಿಯನ್ನೋ ಬಳಸಿ ಪರಿವರ್ತಿಸಿಕೊಳ್ಳಬೇಕು. ಚಿತ್ರಗಳಲ್ಲಿರುವ ಎತ್ತರ ಒಂದು ಬಗೆಯದು, ನೆಲದ ಬಿಂದುಗಳ ಎತ್ತರ ಇನ್ನೊಂದು ಬಗೆಯದು ಆಗಿ ಎರಡೂ ಒಂದೇ ಕಡತಕ್ಕೆ ಸೇರಿದರೆ ಲೆಕ್ಕ ಹತ್ತಾರು ಮೀಟರ್ ತಪ್ಪುತ್ತದೆ. ಇಷ್ಟು ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುವುದು ಒಂದು ಪುಣ್ಯ.

ಅಡ್ಡಡ್ಡ ನಿರ್ದೇಶಾಂಕಗಳಿಗೆ ಯುಟಿಎಂ, ಅಂದರೆ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಚಪ್ಪಟೆ ನಕ್ಷೆಗೆ ಇಳಿಸುವ ಪದ್ಧತಿ, ಬಳಸುವುದಾದರೆ ಇದೊಂದು ನೆನಪಿರಲಿ: ವಲಯದ ನಡುರೇಖೆಯ ಮೇಲೆ ಅದರ ಅಳತೆಯ ಗುಣಕ 0.9996. ಅಂದರೆ ನೆಲದ ಮೇಲೆ ಟೇಪು ಹಿಡಿದು ಅಳೆದ 1 ಕಿಲೋಮೀಟರ್ ನಕ್ಷೆಯಲ್ಲಿ 40 ಸೆಂಟಿಮೀಟರ್ ಕಡಿಮೆ ಬರುತ್ತದೆ. ಇದು ದೋಷವಲ್ಲ, ಯುಟಿಎಂನ ರಚನೆಯೇ ಹಾಗೆ. ನಕ್ಷೆ ಬಳಸುವ ಎಂಜಿನಿಯರ್‌ಗೆ ಇದನ್ನು ಮೊದಲೇ ತಿಳಿಸದಿದ್ದರೆ ಮಾತ್ರ ಜಗಳವಾಗುತ್ತದೆ.

ಹಾರಾಟದ ದಿನ

ನೆರಳು ಚಿಕ್ಕದಾಗಿರುವ ನಡುಹಗಲಾಗಲಿ, ತೆಳುಮೋಡ ಸಮನಾಗಿ ಕವಿದ ಹೊತ್ತಾಗಲಿ ಹಾರಾಟಕ್ಕೆ ಒಳ್ಳೆಯದು. ಮೋಡದ ನೆರಳು ಓಡಾಡುವ ದಿನ ಚಿತ್ರಗಳ ಬೆಳಕು ಒಂದಕ್ಕೊಂದು ಹೊಂದುವುದಿಲ್ಲ. ಬ್ಯಾಟರಿಯಲ್ಲಿ ಶೇಕಡಾ 30 ಉಳಿದಿರುವಾಗಲೇ ಡ್ರೋನ್ ಅನ್ನು ಹಿಂದಕ್ಕೆ ಕರೆಸಬೇಕು, ಮುಂದಿನ ಹಾರಾಟವನ್ನು ಬಿಟ್ಟ ಜಾಗಕ್ಕಿಂತ ಒಂದು ಸಾಲು ಹಿಂದಿನಿಂದ ಶುರುಮಾಡಬೇಕು. ಜಾಗ ಬಿಟ್ಟು ಹೊರಡುವ ಮುನ್ನ ಕಾರ್ಡಿನಲ್ಲಿರುವ ಚಿತ್ರಗಳ ಸಂಖ್ಯೆ ಯೋಜನೆಗೆ ತಾಳೆಯಾಗುತ್ತದೆಯೇ ಎಂದು ನೋಡಿ, ಪ್ರತಿ ಸಾಲಿನ ಒಂದೊಂದು ಚಿತ್ರವನ್ನು ಪೂರ್ತಿ ಹಿಗ್ಗಿಸಿ ನೋಡಬೇಕು. ಮಂಜಾದ ಚಿತ್ರ ಗೊತ್ತಾಗುವುದು ಹಿಗ್ಗಿಸಿದಾಗ ಮಾತ್ರ.

ಗಣಕದ ಮುಂದೆ

ಮೆಟಾಶೇಪ್, ಪಿಕ್ಸ್‌ಫೋರ್‌ಡಿ, ಮುಕ್ತ ತಂತ್ರಾಂಶವಾದ ಓಪನ್‌ಡ್ರೋನ್‌ಮ್ಯಾಪ್, ಯಾವುದನ್ನು ಬಳಸಿದರೂ ಕ್ರಮ ಒಂದೇ. ಮೊದಲು ಚಿತ್ರಗಳ ಜೋಡಣೆ. ಆಮೇಲೆ ನಿಯಂತ್ರಣ ಬಿಂದುಗಳನ್ನು ಚಿತ್ರಗಳಲ್ಲಿ ಗುರುತಿಸುವುದು. ಮತ್ತೊಮ್ಮೆ ಲೆಕ್ಕ ಬಿಡಿಸುವುದು. ಕೊನೆಗೆ ದಟ್ಟವಾದ ಪಾಯಿಂಟ್ ಕ್ಲೌಡ್, ಅಂದರೆ ಸ್ಥಾನ ಮತ್ತು ಎತ್ತರ ತಿಳಿದ ಬಿಂದುಗಳ ರಾಶಿ, ತಯಾರಿಸುವುದು. ಪ್ರತಿ ಬಿಂದುವನ್ನೂ ಎಂಟು ಹತ್ತು ಚಿತ್ರಗಳಲ್ಲಿ, ಹಲಗೆಯ ನಡುಬಿಂದುವಿನ ಮೇಲೆಯೇ, ಚೆನ್ನಾಗಿ ಹಿಗ್ಗಿಸಿಕೊಂಡು ಗುರುತಿಸಬೇಕು. ಚಿತ್ರದ ಅಂಚಿನಲ್ಲಿ ಬಂದಿರುವ ಹಲಗೆಗಳನ್ನು ಬಿಟ್ಟುಬಿಡಬಹುದು. ರಿಪ್ರೊಜೆಕ್ಷನ್ ದೋಷ (ಲೆಕ್ಕದ ಪ್ರಕಾರ ಬಿಂದು ಚಿತ್ರದಲ್ಲಿ ಇರಬೇಕಾದ ಜಾಗಕ್ಕೂ ಕಂಡ ಜಾಗಕ್ಕೂ ಇರುವ ದೂರ) ಒಂದು ಪಿಕ್ಸೆಲ್‌ಗಿಂತ ಕಡಿಮೆ ಎಂದು ವರದಿಯಲ್ಲಿ ಬಂದರೆ ಲೆಕ್ಕ ತನ್ನೊಳಗೆ ಹೊಂದಿದೆ ಎಂದಷ್ಟೇ ಅರ್ಥ. ಒಂದು ಬಿಂದು ಮಾತ್ರ ವಿಪರೀತ ದೋಷ ತೋರಿಸಿದರೆ ಅದನ್ನು ಅಳಿಸಿ ವರದಿಯನ್ನು ಚೊಕ್ಕಟ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಕಾರಣ ತಿಳಿಯದೆ ಅಳಿಸಬಾರದು. ಹೆಚ್ಚಿನ ಸಲ ಎರಡು ಬಿಂದುಗಳ ಹೆಸರು ಅದಲುಬದಲಾಗಿರುತ್ತದೆ.

ನಿಜವಾದ ಪರೀಕ್ಷೆ ತಪಾಸಣಾ ಬಿಂದುಗಳದು. ಇವನ್ನೂ ನಿಯಂತ್ರಣ ಬಿಂದುಗಳಷ್ಟೇ ಎಚ್ಚರದಿಂದ ಅಳೆದು, ಲೆಕ್ಕದಿಂದ ಮಾತ್ರ ಹೊರಗೆ ಇಡಬೇಕು. ಅಮೆರಿಕದ ಫೋಟೊಗ್ರಾಮೆಟ್ರಿ ಸಂಘವಾದ ಎಎಸ್‌ಪಿಆರ್‌ಎಸ್ ತನ್ನ ಮಾನದಂಡದ 2023ರ ಆವೃತ್ತಿಯಲ್ಲಿ ಇಂಥ ಬಿಂದುಗಳ ಕನಿಷ್ಠ ಸಂಖ್ಯೆಯನ್ನು 20ರಿಂದ 30ಕ್ಕೆ ಏರಿಸಿದೆ. ಸಣ್ಣ ಕೆಲಸಕ್ಕೆ ಅಷ್ಟು ಆಗದಿದ್ದರೂ ಎಂಟು ಹತ್ತಕ್ಕೆ ಕಡಿಮೆ ಇರಬಾರದೆಂಬುದು ನನ್ನ ಅಭಿಪ್ರಾಯ. ಪ್ರತಿ ಬಿಂದುವಿನಲ್ಲಿ ನಕ್ಷೆಯ ಎತ್ತರದಿಂದ ಅಳೆದ ಎತ್ತರವನ್ನು ಕಳೆದು, ಬಂದ ವ್ಯತ್ಯಾಸಗಳ ವರ್ಗಗಳ ಸರಾಸರಿಯ ವರ್ಗಮೂಲ ತೆಗೆದರೆ ಅದೇ ಆರ್‌ಎಂಎಸ್ ದೋಷ. ಆದರೆ ಆ ಒಂದೇ ಅಂಕಿಗೆ ತೃಪ್ತರಾಗಬಾರದು. ಐದು ಬಿಂದುಗಳಲ್ಲಿ ವ್ಯತ್ಯಾಸ +6, −5, +4, −7, +2 ಸೆಂಟಿಮೀಟರ್ ಬಂದರೆ ಆರ್‌ಎಂಎಸ್ 5.1, +6, +4, +5, +7, +3 ಬಂದರೆ 5.2. ಅಂಕಿ ಹೆಚ್ಚುಕಡಿಮೆ ಒಂದೇ, ಕತೆ ಬೇರೆ. ಮೊದಲನೆಯದು ಸಹಜವಾದ ಚೆದುರು. ಎರಡನೆಯದರಲ್ಲಿ ಇಡೀ ನಕ್ಷೆ 5 ಸೆಂಟಿಮೀಟರ್ ಮೇಲಕ್ಕೆ ಎದ್ದಿದೆ, ಅದಕ್ಕೊಂದು ಕಾರಣ ಇದ್ದೇ ಇದೆ, ಹುಡುಕಿದರೆ ಸಿಗುತ್ತದೆ. ವ್ಯತ್ಯಾಸಗಳನ್ನು ನಕ್ಷೆಯ ಮೇಲೆ ಬರೆದು ನೋಡುವುದೂ ಒಳ್ಳೆಯ ಅಭ್ಯಾಸ: ನಡುವೆಲ್ಲ ಹೆಚ್ಚು, ಅಂಚಿನಲ್ಲೆಲ್ಲ ಕಡಿಮೆ ಎಂದು ಬಂದರೆ ಮೊದಲು ಹೇಳಿದ ಗುಮ್ಮಟ ಅಲ್ಲಿದೆ.

ಮರಗಿಡ ತೆಗೆದು ನೆಲ ಹುಡುಕುವುದು

ಪಾಯಿಂಟ್ ಕ್ಲೌಡ್‌ನಲ್ಲಿರುವುದು ಕ್ಯಾಮೆರಾ ಕಂಡ ಮೇಲ್ಮೈ: ಮರದ ತಲೆ, ಮನೆಯ ಸೂರು, ನಿಲ್ಲಿಸಿದ ಲಾರಿ. ಇದರಿಂದ ಬರುವ ಮಾದರಿಗೆ ಡಿಎಸ್‌ಎಂ ಎನ್ನುತ್ತಾರೆ. ಬರಿ ನೆಲದ ಮಾದರಿಯಾದ ಡಿಟಿಎಂ ಬೇಕಾದರೆ ಇವನ್ನೆಲ್ಲ ಸೋಸಿ ತೆಗೆಯಬೇಕು. ಕ್ಲೌಡ್‌ಕಂಪೇರ್ ಎಂಬ ಉಚಿತ ತಂತ್ರಾಂಶದಲ್ಲಿರುವ ಸಿಎಸ್‌ಎಫ್ ಸೋಸುವಿಕೆಯ ಉಪಾಯ ಸೊಗಸಾಗಿದೆ: ಬಿಂದುಗಳನ್ನೆಲ್ಲ ತಲೆಕೆಳಗು ಮಾಡಿ, ಮೇಲಿನಿಂದ ಒಂದು ಬಟ್ಟೆಯನ್ನು ಇಳಿಬಿಟ್ಟಂತೆ ಲೆಕ್ಕ ಹಾಕುತ್ತದೆ. ಮರ ಮನೆಗಳು ಈಗ ಗುಂಡಿಗಳಾಗಿರುವುದರಿಂದ ಬಟ್ಟೆ ಅವುಗಳೊಳಕ್ಕೆ ಇಳಿಯದೆ ನೆಲಕ್ಕೆ ಮಾತ್ರ ತಾಗಿ ನಿಲ್ಲುತ್ತದೆ. ಬಟ್ಟೆ ತುಂಬ ಬಿಗಿಯಾದರೆ ಬದು ಮತ್ತು ಏರಿಗಳ ನೆತ್ತಿ ಕತ್ತರಿಸಿಹೋಗುತ್ತದೆ, ತುಂಬ ಸಡಿಲವಾದರೆ ಪೊದೆಗಳೂ ನೆಲವೆನಿಸಿಕೊಳ್ಳುತ್ತವೆ. ಆದ್ದರಿಂದ ಯಾವುದೇ ಸೋಸುವಿಕೆಯ ನಂತರ ಅಡ್ಡಸೀಳಿಕೆಗಳನ್ನು ತೆಗೆದು ಕಣ್ಣಾರೆ ನೋಡಲೇಬೇಕು.

ಎಷ್ಟೇ ಸೋಸಿದರೂ ಕ್ಯಾಮೆರಾ ಕಾಣದ ನೆಲ ಸಿಗುವುದಿಲ್ಲ. ದಟ್ಟ ತೋಪಿನ ಕೆಳಗೆ ಬರುವ ಎತ್ತರ ಸುತ್ತಲಿನ ನೆಲದಿಂದ ಎಳೆದ ಊಹೆ ಮಾತ್ರ. ಅಲ್ಲಿ ಲೇಸರ್ ಕಿರಣದಿಂದ ಅಳೆಯುವ ಲೈಡಾರ್ ಬೇಕು, ಇಲ್ಲವೇ ಒಳಗೆ ನಡೆದು ಕೋನ ಮತ್ತು ದೂರ ಅಳೆಯುವ ಟೋಟಲ್ ಸ್ಟೇಷನ್‌ನಿಂದ ಅಳೆದು ಸೇರಿಸಬೇಕು. ಮೊಣಕಾಲುದ್ದ ಹುಲ್ಲು ಇನ್ನೂ ಕಪಟಿ: ಅದು ಸಮನಾಗಿ ಹರಡಿರುವುದರಿಂದ ಬಟ್ಟೆಗೆ ಅದೇ ನೆಲವಾಗಿ ಕಾಣುತ್ತದೆ, ಇಡೀ ಬಯಲು 30 ಸೆಂಟಿಮೀಟರ್ ಏರಿಬಿಡುತ್ತದೆ. ಹಾಗಾಗಿ ತಪಾಸಣಾ ಬಿಂದುಗಳಲ್ಲಿ ಕೆಲವನ್ನು ಹುಲ್ಲಿನೊಳಗೆ ಕೋಲು ಊರಿಯೇ ಅಳೆಯಬೇಕು; ಎಲ್ಲವನ್ನೂ ಗಟ್ಟಿ ನೆಲದ ಮೇಲೆ ಅಳೆದರೆ ವರದಿ ಚೆನ್ನಾಗಿರುತ್ತದೆ, ನಕ್ಷೆ ಚೆನ್ನಾಗಿರುವುದಿಲ್ಲ. ನೀರಿನ ಮೇಲೆ ಹೋಲಿಕೆ ಸಿಗದೆ ಬಿಂದುಗಳು ಮೇಲೆ ಕೆಳಗೆ ಚೆಲ್ಲಾಡಿರುತ್ತವೆ. ಕೆರೆಯ ಅಂಚನ್ನು ಕೈಯಿಂದ ಗುರುತಿಸಿ ಒಳಭಾಗವನ್ನು ಒಂದೇ ಮಟ್ಟಕ್ಕೆ ತರಬೇಕು.

ಸಮೋನ್ನತ ರೇಖೆಗಳು

3 ಸೆಂಟಿಮೀಟರ್ ಕಣಗಳ, ಅಂದರೆ ಪುಟ್ಟ ಚೌಕಗಳ, ಡಿಟಿಎಂನಿಂದ ನೇರವಾಗಿ ರೇಖೆ ಎಳೆದರೆ ಒಂದೊಂದು ಹೆಂಟೆಯನ್ನೂ ಸುತ್ತುವ ಸುಕ್ಕುಗೆರೆಗಳು ಬರುತ್ತವೆ. ಡಿಟಿಎಂ ಅನ್ನು ಮೊದಲು 25 ಅಥವಾ 50 ಸೆಂಟಿಮೀಟರ್ ಕಣಗಳಿಗೆ ಬದಲಿಸಿ, ಸ್ವಲ್ಪ ನುಣುಪು ಮಾಡಿ, ಆಮೇಲೆ ಕ್ಯೂಜಿಐಎಸ್‌ನಂಥ ತಂತ್ರಾಂಶದಲ್ಲಿ ರೇಖೆ ಎಳೆಯಬೇಕು. ನುಣುಪು ಮಾಡಬೇಕಾದದ್ದು ಮೇಲ್ಮೈಯನ್ನು, ಎಳೆದ ಗೆರೆಗಳನ್ನಲ್ಲ. ಗೆರೆಗಳನ್ನು ಬಿಡಿಬಿಡಿಯಾಗಿ ನುಣುಪು ಮಾಡಿದರೆ ಕಡಿದಾದ ಇಳಿಜಾರಿನಲ್ಲಿ ಒಂದನ್ನೊಂದು ದಾಟಿಬಿಡುತ್ತವೆ. ಏರಿಯ ನೆತ್ತಿ, ಅದರ ಬುಡ, ದಾರಿಯ ಅಂಚು, ಚರಂಡಿಯ ತಳ ಇವುಗಳ ಮೇಲೆ ಬ್ರೇಕ್‌ಲೈನ್‌ಗಳನ್ನು, ಅಂದರೆ ಇಳಿಜಾರು ಥಟ್ಟನೆ ಬದಲಾಗುವ ಅಂಚಿನ ಗೆರೆಗಳನ್ನು, ಕೈಯಿಂದ ಎಳೆದು ಡಿಟಿಎಂ ಕಟ್ಟುವಾಗಲೇ ಸೇರಿಸಿಕೊಂಡಿದ್ದರೆ ನುಣುಪು ಮಾಡಿದ ಮೇಲೂ ಆ ಅಂಚುಗಳು ಚೂಪಾಗಿ ಉಳಿಯುತ್ತವೆ. ಬಹಳ ಬೇಸರದ ಕೆಲಸವಿದು, ಆದರೆ ನಕ್ಷೆ ಓದಬಲ್ಲವರು ಮೊದಲು ನೋಡುವುದು ಇದನ್ನೇ. ಪ್ರತಿ ಐದನೆಯ ರೇಖೆಯನ್ನು ದಪ್ಪ ಮಾಡಿ ಎತ್ತರದ ಅಂಕಿ ಬರೆಯಬೇಕು. ಹಳ್ಳವನ್ನು ದಾಟುವಲ್ಲಿ ರೇಖೆಗಳು ನೀರು ಬರುವ ಕಡೆಗೆ ಮೊನೆ ಮಾಡಿಕೊಂಡಿರಬೇಕು. ಹಾಗಿಲ್ಲದೆ ಹಳ್ಳದ ಮೇಲೆ ಅಡ್ಡಲಾಗಿ ನೇರ ಹೋಗಿದ್ದರೆ ಅಲ್ಲಿ ಪೊದೆಯೋ ಸೇತುವೆಯೋ ನೆಲವೆಂದು ಉಳಿದುಕೊಂಡಿದೆ.

ನಕ್ಷೆಯ ಅಂಚಿನಲ್ಲಿ ಹಾರಾಟದ ದಿನಾಂಕ, ನಿರ್ದೇಶಾಂಕ ಪದ್ಧತಿ, ಎತ್ತರಕ್ಕೆ ಬಳಸಿದ ಜಿಯಾಯ್ಡ್ ಮಾದರಿ, ರೇಖಾಂತರ, ತಪಾಸಣಾ ಬಿಂದುಗಳ ಸಂಖ್ಯೆ, ಅವುಗಳಿಂದ ಬಂದ ಆರ್‌ಎಂಎಸ್ ದೋಷ ಮತ್ತು ಸರಾಸರಿ ವ್ಯತ್ಯಾಸ ಇಷ್ಟನ್ನೂ ಬರೆಯಬೇಕು. ಮರದ ಕೆಳಗೆ ಊಹಿಸಿ ಎಳೆದ ರೇಖೆಗಳನ್ನು ತುಂಡುಗೆರೆಯಾಗಿ ತೋರಿಸಬೇಕು. ಹಲಗೆಗಳನ್ನು ಕಿತ್ತು ಮಡಿಸುವಾಗ ಎರಡು ಬಿಂದುಗಳಲ್ಲಾದರೂ ಗಟ್ಟಿ ನೆಲಕ್ಕೆ ಕಬ್ಬಿಣದ ಗೂಟ ಹೊಡೆದು, ಅದರ ತಲೆಯ ಎತ್ತರವನ್ನು ಅಳೆದು, ಸುತ್ತಲಿನ ಗುರುತುಗಳೊಂದಿಗೆ ಒಂದು ಫೋಟೊ ತೆಗೆದು ನಕ್ಷೆಯ ಕಡತದಲ್ಲಿಯೇ ಇಟ್ಟರೆ, ಮುಂದಿನ ಸಲ ಅದೇ ಜಾಗಕ್ಕೆ ಬರುವವರು ತಮ್ಮ ಕೋಲನ್ನು ಮೊದಲು ಅದರ ಮೇಲೆಯೇ ಇಟ್ಟು ನೋಡಬಹುದು.